ಸಾನ್ವಿ, ಶಾನ್ವಿ, ತನ್ವಿ, ಜಾನ್ವಿ: ಒಂದೇ ದನಿಯ ಹೆಸರುಗಳು ನಮ್ಮ ಸೀಮೆಗೆ ಬಂದ ದಾರಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಅಂಗನವಾಡಿಗಳ ಹಾಜರಿ ಪುಸ್ತಕ ತೆರೆದರೆ ‘ನ್ವಿ’ ಎಂದು ಮುಗಿಯುವ ಹೆಸರುಗಳು ಸಾಲಾಗಿ ಕಾಣುತ್ತವೆ. ಅವುಗಳ ಬೆನ್ನಿಗೆ ದಿಯಾ, ರಿಯಾ, ಸಿಯಾ. ಆಮೇಲೆ ಆದ್ಯಾ, ಅನನ್ಯಾ, ಆರಾಧ್ಯಾ. ಟೀಚರ್ ಶಾನ್ವಿಯನ್ನು ಕರೆದರೆ ಸಾನ್ವಿಯೂ ಎದ್ದು ನಿಲ್ಲುತ್ತಾಳೆ. ಇದು ಈಗಿನ ತಂದೆತಾಯಿಯರ ಗೀಳು ಎಂದು ಹಿರಿಯರು ಬೇಸರಪಡುವುದುಂಟು. ಆದರೆ ಆ ಹಿರಿಯರ ಹೆಸರುಗಳೂ ಒಂದನ್ನೊಂದು ಹೋಲುತ್ತಲೇ ಇದ್ದವು. ಒಂದೇ ಹೆಸರಿನ ಇಬ್ಬರು ಹೆಣ್ಣುಮಕ್ಕಳನ್ನು ಬೇರೆ ಮಾಡಿ ತೋರಿಸಲು ಊರಲ್ಲಿ ಆಗ ಒಂದು ಪದ್ಧತಿ ಇತ್ತು. ಕಾಗದಪತ್ರಗಳ ಕಾಲಕ್ಕೆ ಅದು ಕೈಬಿಟ್ಟುಹೋಯಿತು. ಇಂದಿನ ತೊಡಕಿನ ಬೇರು ಅಲ್ಲಿದೆ.

ಎರಡು ಮೂರು ತಲೆಮಾರಿನ ಹಿಂದೆ ಕೊಪ್ಪಳ, ರಾಯಚೂರು, ಬಳ್ಳಾರಿ ಈ ಮೂರು ಜಿಲ್ಲೆಗಳಲ್ಲಿ ಹೆಣ್ಣುಮಗುವಿನ ಹೆಸರು ಹೆಚ್ಚಾಗಿ ಹತ್ತಿರದ ದೇವಸ್ಥಾನದಿಂದಲೋ ಅಜ್ಜಿಯಿಂದಲೋ ಬರುತ್ತಿತ್ತು. ಹುಲಿಗಿಯ ದೇವಿಗೆ ನಡೆದುಕೊಳ್ಳುವ ಮನೆಯಲ್ಲಿ ಹುಲಿಗೆಮ್ಮ. ಬಳ್ಳಾರಿಯ ಕನಕದುರ್ಗಮ್ಮನ ಒಕ್ಕಲಲ್ಲಿ ದುರ್ಗಮ್ಮ. ಹಂಪಿಯ ಭಕ್ತರಲ್ಲಿ ಹಂಪಮ್ಮ, ಪಂಪಾವತಿ, ವಿರುಪಮ್ಮ. ಚೇಳ್ಳಗುರ್ಕಿ ಎರ್ರಿತಾತನ ಕಡೆ ಎರ್ರೆಮ್ಮ, ಕುರುಗೋಡಿನ ಕಡೆ ದೊಡ್ಡಬಸಮ್ಮ, ಕೊಟ್ಟೂರಿನ ಕಡೆ ಕೊಟ್ರಮ್ಮ, ಕನಕಗಿರಿಯಲ್ಲಿ ಕನಕಮ್ಮ. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರನಿಂದ ಅಮರಮ್ಮ, ಸಿಂಧನೂರು ತಾಲ್ಲೂಕಿನ ಅಂಬಾಮಠದಿಂದ ಅಂಬಮ್ಮ. ಹೆಸರು ಕೇಳಿದರೆ ಮನೆಯವರು ಯಾವ ಜಾತ್ರೆಗೆ ಹೋಗುತ್ತಾರೆ ಎಂಬುದು ತಿಳಿಯುತ್ತಿತ್ತು.

ಮೊಹರಂ ಪೀರಲ ದೇವರಿಗೆ ಹರಕೆ ಹೊತ್ತು ಹೆತ್ತ ಮಕ್ಕಳಿಗೆ ಹುಸೇನಮ್ಮ, ಫಕೀರಮ್ಮ, ಮೌಲಮ್ಮ ಎಂದು ಹೆಸರಿಡುವುದು ಮುದಗಲ್ ಸುತ್ತಿನ ಹಿಂದೂ ಮನೆಗಳಲ್ಲೂ ಸಾಮಾನ್ಯವಾಗಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಮ್ಮ ಎನ್ನುತ್ತಿದ್ದರು. ಹೆಣ್ಣು ಮೇಲೆ ಹೆಣ್ಣು ಹುಟ್ಟಿದರೆ ಸಾಕಮ್ಮ. ಈ ಕೊನೆಯ ಹೆಸರು ಹೊಸ ಪೀಳಿಗೆಯಲ್ಲಿ ಅಪರೂಪವಾಗಿದ್ದು ಒಳ್ಳೆಯದೇ ಆಯಿತು. ತಾನು ಬೇಡವಾಗಿದ್ದೆ ಎಂಬುದನ್ನು ಹೆಣ್ಣುಮಗಳೊಬ್ಬಳು ಜೀವನಪೂರ್ತಿ ತನ್ನ ಸಹಿಯಲ್ಲೇ ಬರೆಯಬೇಕಾಗಿ ಬರಬಾರದು.

ಇಷ್ಟೆಲ್ಲ ಬಗೆ ಇದ್ದರೂ ಒಂದೊಂದು ಊರಿನೊಳಗೆ ಹೆಸರುಗಳು ಕೆಲವೇ. ಒಂದೇ ಓಣಿಯಲ್ಲಿ ನಾಲ್ಕು ಬಸಮ್ಮ, ಮೂರು ಯಲ್ಲಮ್ಮ. ಊರು ಅದನ್ನು ಬಗೆಹರಿಸಿಕೊಂಡಿದ್ದು ಮುಂದೆ ಒಂದು ಮಾತು ಸೇರಿಸಿ: ಗೌಡರ ಬಸಮ್ಮ, ಮ್ಯಾಗಳ ಮನಿ ಬಸಮ್ಮ, ಸಣ್ಣ ಬಸಮ್ಮ, ಗಂಡನ ಮನೆ ಕುಷ್ಟಗಿಯಾದರೆ ಕುಷ್ಟಗಿ ಬಸಮ್ಮ. ಮನೆತನ, ಜಾಗ, ವಯಸ್ಸು, ಕಸುಬು, ಇವುಗಳಲ್ಲಿ ಒಂದು ಹತ್ತಿದರೆ ಸಾಕಿತ್ತು. ಹೆಸರು ಒಂದೇ ಆಗಿದ್ದರೂ ಆಳು ಅದಲುಬದಲಾಗುತ್ತಿರಲಿಲ್ಲ.

ಕಚೇರಿಯ ದಾಖಲೆ ಮೂರೂ ಕಡೆ ಒಂದೇ ತೆರನಾಗಿ ಬೆಳೆಯಲಿಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹೆಸರಿನ ಮುಂದೆ ಇನಿಷಿಯಲ್ ಇಡುವ ರೂಢಿ ಅಲ್ಲಿ ಗಟ್ಟಿಯಾಗಿದೆ. ರಾಯಚೂರು ಮತ್ತು ಈಗಿನ ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದಿನಲ್ಲಿದ್ದವು. ಅಲ್ಲಿನ ಪತ್ರಗಳಲ್ಲಿ ‘ಯಲ್ಲಮ್ಮ ಗಂಡ ಹನುಮಂತಪ್ಪ’, ‘ಯಲ್ಲಮ್ಮ ತಂದೆ ಹನುಮಂತಪ್ಪ’ ಎಂದು ಬರೆಯುವುದು ಇಂದಿಗೂ ನಡೆದಿದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳದಲ್ಲಿ, ಅದರಲ್ಲೂ ಯಲಬುರ್ಗಾ ಕಡೆ, ಧಾರವಾಡ ಸೀಮೆಯಂತೆ ಅಡ್ಡಹೆಸರು ಕೊನೆಗೆ ಬರುತ್ತದೆ. ಅಲ್ಲಿ ಬಸಮ್ಮ ಬಸವ್ವ ಆಗುತ್ತಾಳೆ, ನಿಂಗಮ್ಮ ನಿಂಗವ್ವ ಆಗುತ್ತಾಳೆ. ಬಳ್ಳಾರಿಗೆ ಮದುವೆಯಾಗಿ ಬಂದ ಬಸವ್ವ ರೇಷನ್ ಕಾರ್ಡಿನಲ್ಲಿ ಬಸಮ್ಮ ಆಗಿ, ಮಗಳ ಜನನ ಪತ್ರದಲ್ಲಿ ಮತ್ತೆ ಬಸವ್ವ ಆದರೆ, ತೊಂದರೆ ಆ ಮಗಳಿಗೆ. ಈ ಭಾಗದವರಿಗಿರುವ ಮೀಸಲಾತಿಯ 371ಜೆ ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಹಾಕುವಾಗ, ತಂದೆ ಅಥವಾ ತಾಯಿ ಈ ಭಾಗದವರು ಎಂದು ತೋರಿಸಬೇಕಾದ ಮಕ್ಕಳ ಕಾಗದಗಳಲ್ಲಿ ಇದು ಎದ್ದು ಕಾಣುತ್ತದೆ.

ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಹೆಚ್ಚಿದಂತೆ ‘ಅಮ್ಮ’ ಹಿಂದೆ ಸರಿಯಿತು. ಮೊದಲು ಬಂದವು ಅನಿತಾ, ಸುನಿತಾ, ಕವಿತಾ, ಸವಿತಾ, ವನಿತಾ, ಲಲಿತಾ. ಒಂದೇ ದನಿಯ ಹೊಸ ಹೆಸರುಗಳ ಮೊದಲ ಅಲೆ ಇದೇ. ಇಂದು ಮೊಮ್ಮಗಳಿಗೆ ಸಾನ್ವಿ ಎಂದು ಹೆಸರಿಡುವ ಅನೇಕ ಅಜ್ಜಿಯರು ಆ ಸಾಲಿನವರು. ಅವರ ನಂತರ ದಿವ್ಯಾ, ಕಾವ್ಯಾ, ನವ್ಯಾ, ಭವ್ಯಾ, ರಮ್ಯಾ, ಸೌಮ್ಯಾ. ಆಮೇಲೆ ಚಂದನಾ, ವಂದನಾ, ಸಂಜನಾ, ಅಂಜನಾ, ಸಿಂಚನಾ, ಸ್ಪಂದನಾ. ಗಡಿಯ ತೆಲುಗು ಮಾತಿನ ಮನೆಗಳಿಂದ ಲಾಸ್ಯಾ, ಶ್ರಾವ್ಯಾ, ಹಾಸಿನಿ ಬಂದವು. ಮುಸ್ಲಿಂ ಮನೆಗಳಲ್ಲೂ ಇದೇ ನಡೆಯಿತು: ಒಂದು ಕಡೆ ಪರ್ವೀನ್, ನಸ್ರೀನ್, ಶಿರೀನ್, ಆಫ್ರೀನ್, ಇನ್ನೊಂದು ಕಡೆ ರಜಿಯಾ, ನಾಜಿಯಾ, ಶಾಜಿಯಾ, ಸಾದಿಯಾ. ಅಲ್ಲಿ ಬೇಗಂ, ಬಾನು, ಬೀ ಎಂಬ ಎರಡನೆಯ ಪದ ಊರಿನ ‘ಮ್ಯಾಗಳ ಮನಿ’ಯ ಕೆಲಸ ಮಾಡುತ್ತಿತ್ತು. ಈಗ ಅದನ್ನೂ ಬಿಡುತ್ತಿದ್ದಾರೆ. ಲಂಬಾಣಿ ತಾಂಡಾಗಳಲ್ಲಿ ‘ಬಾಯಿ’ಯದೂ ಇದೇ ಕಥೆ. ಒಂದು ಕಾಗದದಲ್ಲಿ ಲಲಿತಾಬಾಯಿ, ಇನ್ನೊಂದರಲ್ಲಿ ಬರೀ ಲಲಿತಾ.

ಹೆಸರುಗಳು ಹೀಗೆ ಸಾಲುಸಾಲಾಗಿ ಪ್ರಾಸ ಹಿಡಿಯುವುದಕ್ಕೆ ಸಿನಿಮಾ, ಟಿವಿ ಕಾರಣ ಎನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ಇನ್ನರ್ಧ ಪಂಚಾಂಗದಲ್ಲಿದೆ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ನಾಮಾಕ್ಷರ. ಮಗು ಹುಟ್ಟಿದ ಗಳಿಗೆ ಹೇಳಿದರೆ ಸ್ವಾಮಿಗಳು ಒಂದು ಅಕ್ಷರ ಕೊಡುತ್ತಾರೆ. ಹಿಂದೆ ಆ ಅಕ್ಷರದ ಹೆಸರು ತೊಟ್ಟಿಲಿನ ಹೆಸರಾಗಿ ಕಿವಿಯಲ್ಲೇ ಉಳಿಯುತ್ತಿತ್ತು, ಕರೆಯುವ ಹೆಸರು ಮನೆದೇವರದು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಬೆನ್ನಿಗೆ ಗುದ್ದು ತಿನ್ನುವ ಶಾಸ್ತ್ರ ಇಂದಿಗೂ ಇದೆ. ಆದರೆ ಆ ನಾಮಾಕ್ಷರದಿಂದಲೇ ಕಾಗದದ ಹೆಸರೂ ಶುರುವಾಗಬೇಕು ಎಂಬ ಹಟ ಇತ್ತೀಚಿನದು. ಮೊದಲ ಅಕ್ಷರ ನಕ್ಷತ್ರ ಕೊಟ್ಟಿದ್ದು, ಉಳಿದದ್ದು ಆ ಕಾಲಕ್ಕೆ ಚಂದ ಕೇಳುವ ಬಾಲ. ಶತಭಿಷದ ಎರಡನೆಯ ಪಾದಕ್ಕೆ ‘ಸಾ’ ಬಂದರೆ ಸಾನ್ವಿ. ಸ್ವಾತಿಯ ನಾಲ್ಕನೆಯ ಪಾದಕ್ಕೆ ‘ತಾ’ ಬಂದರೆ ತಾನ್ವಿ, ಉತ್ತರಾಷಾಢದ ಮೂರನೆಯದಕ್ಕೆ ‘ಜಾ’ ಬಂದರೆ ಜಾನ್ವಿ, ಮಘಾ ಒಂದನೆಯದಕ್ಕೆ ‘ಮಾ’ ಬಂದರೆ ಮಾನ್ವಿ, ಪೂರ್ವಾಷಾಢದ ಎರಡನೆಯದಕ್ಕೆ ‘ಧಾ’ ಬಂದರೆ ಧಾನ್ವಿ. ನಾಮಾಕ್ಷರ ನೋಡುವಾಗ ಸ, ಶ ಎರಡನ್ನೂ ಒಂದಾಗಿಯೇ ಎಣಿಸುವುದು ರೂಢಿ. ಹಾಗಾಗಿ ಒಂದೇ ಪಾದದಿಂದ ಸಾನ್ವಿಯೂ ಹುಟ್ಟುತ್ತಾಳೆ, ಶಾನ್ವಿಯೂ ಹುಟ್ಟುತ್ತಾಳೆ.

ಈ ಸಾಲಿನಲ್ಲಿ ಎಲ್ಲ ಹೆಸರಿಗೂ ಒಂದೇ ತೂಕವಿಲ್ಲ. ತನ್ವಿ ಹಳೆಯ ಕಾವ್ಯಗಳಿಂದ ಬಂದ ಪದ, ತೆಳುಮೈಯವಳು ಎಂದು ಅರ್ಥ; ಚಿಕ್ಕದು, ಚೊಕ್ಕವಾದದ್ದು. ಜಾನ್ವಿ ಮೂಲದಲ್ಲಿ ಜಾಹ್ನವಿ, ಜಹ್ನು ಋಷಿಯ ಮಗಳು ಗಂಗೆ. ನಡುವಿನ ‘ಹ್ನ’ ಬಾಯಿಗೆ ಕಷ್ಟವಾಗಿ ಜಾನವಿ ಆಯಿತು, ಆಮೇಲೆ ಜಾನ್ವಿ. ಹೆಸರು ಇಡುವುದಾದರೆ ಜಾಹ್ನವಿ ಎಂದೇ ಬರೆಸುವುದು ಸರಿ. ಮನೆಯಲ್ಲಿ ಜಾನು ಎಂದು ಕರೆಯಲು ಯಾರ ಅಡ್ಡಿಯೂ ಇಲ್ಲ, ಪೂರ್ತಿ ರೂಪ ಇದ್ದರೆ ತರಗತಿಯ ಇತರ ‘ನ್ವಿ’ಗಳಿಂದ ಅವಳು ಬೇರೆಯಾಗಿ ನಿಲ್ಲುತ್ತಾಳೆ. ಮಾನ್ವಿ ರಾಯಚೂರು ಜಿಲ್ಲೆಯಲ್ಲಿ ಒಂದು ತಾಲ್ಲೂಕು. ಹೆಸರಿನ ಕಾಲಂ, ಊರಿನ ಕಾಲಂ ಎರಡರಲ್ಲೂ ಅದೇ ಪದ ಬರುವ ಅರ್ಜಿಯನ್ನು ತುಂಬುವವರು ಹಿಂದುಮುಂದು ಮಾಡುತ್ತಾರೆ. ಈ ಜಿಲ್ಲೆಯವರು ಅದನ್ನು ಬಿಡುವುದು ಲೇಸು. ಸಾನ್ವಿ, ಶಾನ್ವಿ ಎರಡನ್ನೂ ಇಲ್ಲಿ ಇಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾರಣ ಉಚ್ಚಾರದಲ್ಲಿದೆ. ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಶ ಮತ್ತು ಸ ಬೇರೆಯಾಗಿ ಉಳಿಯುವುದು ಕಡಿಮೆ. ಮಹಾಪ್ರಾಣವೂ ಅಷ್ಟೇ: ಧನ್ಯಾ ದನ್ಯಾ ಆಗುತ್ತದೆ, ಭವ್ಯಾ ಬವ್ಯಾ ಆಗುತ್ತದೆ. ಪದದ ಮೊದಲಿನ ಹ ಎಷ್ಟೋ ಬಾಯಲ್ಲಿ ಬಿದ್ದುಹೋಗುತ್ತದೆ. ಉರ್ದುವಿನ ಝ ಕನ್ನಡದಲ್ಲಿ ಜ ಆಗಿ ನಾಝಿಯಾ, ನಾಜಿಯಾ ಕಲೆತುಹೋಗುತ್ತವೆ. ಎರಡು ಹೆಸರುಗಳ ನಡುವಿನ ಪೂರ್ತಿ ವ್ಯತ್ಯಾಸ ಇಂಥ ಒಂದೇ ಅಕ್ಷರದ ಮೇಲೆ ನಿಂತಿದ್ದರೆ, ಕಿಟಕಿಯ ಆಚೆ ಕುಳಿತವರು ಕೇಳಿ ಬರೆದುಕೊಳ್ಳುವಾಗ ಅದು ಉಳಿಯುವುದಿಲ್ಲ.

ಇಂಗ್ಲಿಷ್ ಅಕ್ಷರಕ್ಕೆ ಇಳಿದ ಮೇಲೆ ತೊಡಕು ದುಪ್ಪಟ್ಟು. ಸಾನ್ವಿಗೆ ಎ ಒಂದೋ ಎರಡೋ, ನಡುವೆ ವಿ ಅಕ್ಷರವೋ ಡಬ್ಲ್ಯೂವೋ, ಕೊನೆಗೆ ಐ ಅಕ್ಷರವೋ ಜೋಡಿ ಇ ಅಕ್ಷರವೋ: ಇಷ್ಟಕ್ಕೇ 8 ರೂಪ. ಮುಂದೆ ಎಚ್ ಸೇರಿ ಶಾನ್ವಿ ಆಗುವ ದಾರಿ ತೆರೆದರೆ 16. ಅನ್ವಿತಾ, ಅಂಕಿತಾದಂಥ ಹೆಸರಿಗೆ ತ ಬರೆಯಲು ಟಿ ಸಾಕೋ ಟಿಎಚ್ ಬೇಕೋ ಎಂಬುದು ಬೇರೆ. ಆಧಾರ್ ನೋಂದಣಿಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ. ತನ್ವಿ ಟನ್ವಿ ಆಗುವುದು, ಸಹನಾ ಸಹಾನ ಆಗುವುದು ಅಲ್ಲೇ. ಪರದೆಯ ಮೇಲಿನ ಕನ್ನಡ ಸಾಲನ್ನು ಓದದೆ ಹೆಬ್ಬೆಟ್ಟು ಒತ್ತಬಾರದು. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಅಕ್ಷರ ಜೋಡಿಸುವವರೂ ಇದ್ದಾರೆ. ಹೀಗೆ ಸೇರಿಸಿದ ಹೆಚ್ಚಿನ ಎ ಒಂದು ದಾಖಲೆಯಲ್ಲಿ ಇದ್ದು ಇನ್ನೊಂದರಲ್ಲಿ ಬಿಟ್ಟುಹೋಗುವುದು ಬಹುತೇಕ ಖಚಿತ. ಹುಟ್ಟಿದ ಊರಿನ ಕಾಗುಣಿತವೇ ಇಂಗ್ಲಿಷಿನಲ್ಲಿ 2014ರ ನವೆಂಬರ್ 1ಕ್ಕೆ ಬದಲಾದ ಬಳ್ಳಾರಿಯವರು ಈ ಕಷ್ಟವನ್ನು ಬಲ್ಲರು.

ಊರು ನೆನಪಿಟ್ಟುಕೊಳ್ಳುತ್ತಿದ್ದುದನ್ನು ಕಾಗದ ನೆನಪಿಡಲು ಶುರುಮಾಡಿದ್ದು ಮೆಲ್ಲಗೆ. ಜನನ ಮರಣ ನೋಂದಣಿ ಕಾಯ್ದೆ 1969ರದು. ಆದರೂ ಹಳ್ಳಿಯಲ್ಲಿ ಹೆಣ್ಣುಮಗುವಿನ ಹೆಸರು ಮೊದಲ ಸಲ ಬರಹಕ್ಕೆ ಬರುತ್ತಿದ್ದುದು ಹೆಚ್ಚಾಗಿ ಶಾಲೆಗೆ ಸೇರಿಸುವ ದಿನ, ಅದೂ ಮೇಷ್ಟ್ರು ಕೇಳಿಸಿಕೊಂಡ ಹಾಗೆ. 2006ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಯೋಜನೆ ಜನನ ಪತ್ರವನ್ನು ಕಡ್ಡಾಯ ಮಾಡಿ, ಒಂದು ವರ್ಷದೊಳಗೆ ನೋಂದಾಯಿಸಲು ಹೇಳಿದ್ದರಿಂದ ಬಡವರ ಮನೆಯ ಹೆಣ್ಣುಕೂಸಿನ ಹೆಸರು ತೊಟ್ಟಿಲಲ್ಲಿರುವಾಗಲೇ ಬರಹಕ್ಕೆ ಬಂತು. ಆಧಾರ್ ಬಂದಿದ್ದು ಅದಾದ ಮೇಲೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ದಿನ, ಹುಟ್ಟಿದ ಸ್ಥಳದ ಪುರಾವೆ ಜನನ ಪತ್ರವೇ. ಅದರಲ್ಲಿ ಬಿದ್ದ ಹೆಸರಿನ ತಪ್ಪು ಕೆಳಗಿನ ಎಲ್ಲ ಕಾಗದಗಳಿಗೂ ಇಳಿಯುತ್ತದೆ.

ಇಲ್ಲಿ ಅನೇಕರಿಗೆ ತಿಳಿಯದ ಒಂದು ಅನುಕೂಲವಿದೆ. ಹುಟ್ಟಿದ 21 ದಿನದೊಳಗೆ ಜನನ ವರದಿಯಾಗಬೇಕು, ಹೆಸರು ಅಂದೇ ಬೇಕೆಂದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದು ದಾಟಿದರೆ ಶುಲ್ಕ ಕೊಟ್ಟು 15 ವರ್ಷದವರೆಗೂ ಅವಕಾಶವಿದೆ. ಆಸ್ಪತ್ರೆಯ ಬಾಗಿಲಲ್ಲಿ, ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಬಾಯಿಗೆ ಬಂದ ಹೆಸರು ಬರೆಸುವ ಅಗತ್ಯವೇ ಇಲ್ಲ. ತೊಟ್ಟಿಲ ಶಾಸ್ತ್ರ ಮುಗಿಯಲಿ, ಎರಡು ವಾರ ಮನೆಯಲ್ಲಿ ಕರೆದು ನೋಡಲಿ.

ಆ ಎರಡು ವಾರದಲ್ಲಿ ಮಾಡಬೇಕಾದ್ದಿಷ್ಟು. ಹೆಸರನ್ನು ಓಣಿಯ ಆ ತುದಿಯಿಂದ ಕೂಗಿಸಿ. ದೂರಕ್ಕೆ ಕೇಳುವುದು ಸ್ವರ ಮಾತ್ರ, ವ್ಯಂಜನ ಮಸುಕಾಗುತ್ತದೆ, ಹಾಗಾಗಿ ದಿಯಾ-ಸಿಯಾ-ರಿಯಾ ಒಂದೇ ಆಗಿ ಕೇಳುತ್ತವೆ. ಕನ್ನಡ, ತೆಲುಗು, ಉರ್ದು ಮನೆಮಾತಿನ ಮೂವರಿಗೆ ಫೋನಿನಲ್ಲಿ ಹೆಸರು ಹೇಳಿ, ಕೇಳಿದಂತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಲು ಹೇಳಿ. ಮೂರೂ ಒಂದೇ ಬಂದರೆ ಆ ಹೆಸರು ಗಟ್ಟಿ. ಎರಡು ಬೇರೆಯಾದರೆ ಮುಂದೆ ಪ್ರತಿ ಕಚೇರಿಯಲ್ಲೂ ಹಾಗೇ ಆಗುತ್ತದೆ. ಅಂಗನವಾಡಿ ಕಾರ್ಯಕರ್ತೆಯನ್ನು ಆ ವರ್ಷದ ಹೆಸರುಗಳ ಬಗ್ಗೆ ಕೇಳಿ, ಹುಡುಗಿ ಆ ಮಕ್ಕಳ ಜೊತೆಗೇ ಹತ್ತನೆಯ ತರಗತಿವರೆಗೆ ಓದುವವಳು. ಅಕ್ಕತಂಗಿಯರಿಗೆ ಪ್ರಾಸದ ಜೋಡಿ ಹೆಸರು ಇಡುವ ಆಸೆ ಸಹಜ, ಆದರೆ ಮೊದಲಕ್ಷರವೂ ಒಂದೇ ಆದರೆ ಲಸಿಕೆ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಅದಲುಬದಲಾಗುತ್ತವೆ. ಅಪ್ಪನ ಇನಿಷಿಯಲ್ಲೂ ಒಂದೇ ಇರುವುದರಿಂದ ಅದು ನೆರವಿಗೆ ಬರುವುದಿಲ್ಲ.

ಪ್ರಾಸದ ಹೆಸರೇ ಬೇಕೆಂದು ಮನಸ್ಸಾದರೆ ಮನೆತನದ ಹೆಸರನ್ನು ಕಾಗದದಲ್ಲಿ ಪೂರ್ತಿಯಾಗಿ ಬರೆಸಿ, ಬರೀ ಒಂದಕ್ಷರದ ಇನಿಷಿಯಲ್ ಬೇಡ. ಊರು ‘ಗೌಡರ ಬಸಮ್ಮ’ ಎಂದು ಮಾಡುತ್ತಿದ್ದ ಕೆಲಸವನ್ನು ದಾಖಲೆಯಲ್ಲಿ ಮಾಡಬಲ್ಲದ್ದು ಅದೊಂದೇ. ನಾಮಾಕ್ಷರವೂ ಬೇಕು, ನಮ್ಮ ನೆಲದ್ದೂ ಆಗಬೇಕು ಎಂಬುವರಿಗೆ ಹೆಸರುಗಳು ಕಣ್ಣೆದುರಿಗೇ ಇವೆ. ಉತ್ತರೆಯ ಮೂರನೆಯ ಪಾದದ ‘ಪಾ’ ಬಂದರೆ ಪಂಪಾ. ವಿಶಾಖೆಯ ಎರಡನೆಯದಕ್ಕೆ ತುಂಗಾ, ಮೃಗಶಿರೆಯ ಮೂರನೆಯದಕ್ಕೆ ಕನಕಾ, ಕೃತ್ತಿಕೆಯ ಮೊದಲನೆಯದಕ್ಕೆ ಅಂಬಾ. ಅಜ್ಜಿಯ ಹಂಪಮ್ಮ, ಕನಕಮ್ಮ, ಅಂಬಮ್ಮ ಇವುಗಳೊಳಗೇ ಇದ್ದಾರೆ. ಪಂಪಾ ಎಂಬುದನ್ನು ತೆಲುಗಿನವರೂ ಉರ್ದುವಿನವರೂ ತಪ್ಪದೆ ಹೇಳುತ್ತಾರೆ, ಬೇರೆ ಯಾವ ಹೆಸರಿನೊಂದಿಗೂ ಅದು ಕಲೆಯುವುದಿಲ್ಲ.

ಈಗಾಗಲೇ ತಪ್ಪು ಬಿದ್ದಿದ್ದರೆ ತಿದ್ದುವ ಕ್ರಮ ಮೇಲಿನಿಂದ ಕೆಳಕ್ಕೆ. ಮೊದಲು ಜನನ ಪತ್ರ: ಬರೆಯುವಾಗ ಆದ ತಪ್ಪನ್ನು ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ಅಡಿ ನೋಂದಣಾಧಿಕಾರಿ ಸರಿಪಡಿಸಬಹುದು. ಇಷ್ಟವಿಲ್ಲವೆಂದು ಇಡೀ ಹೆಸರನ್ನೇ ಬದಲಿಸುವುದು ತಿದ್ದುಪಡಿಯಲ್ಲ, ಬೇರೆಯೇ ವಿಷಯ. ಅದಕ್ಕೆ ಆ ಕಲಂ ಒದಗುವುದಿಲ್ಲ. ಜನನ ಪತ್ರ ಸರಿಯಾದ ಮೇಲೆ ಅದನ್ನೇ ತೋರಿಸಿ ಆಧಾರ್. ಅಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ, ಒಂದನ್ನು ಕಾಗುಣಿತದ ಪ್ರಯೋಗಕ್ಕೆ ಖರ್ಚು ಮಾಡಬೇಡಿ. ಕೊನೆಗೆ ಶಾಲೆಯ ದಾಖಲಾತಿ ಪುಸ್ತಕ. ಕ್ರಮ ತಪ್ಪಿಸಿ ಮೊದಲು ಆಧಾರ್ ತಿದ್ದಿಸಿದವರು ಜನನ ಪತ್ರ ಬದಲಾದ ಮೇಲೆ ಇನ್ನೊಮ್ಮೆ ಅಲ್ಲಿಗೇ ಹೋಗಬೇಕಾಗುತ್ತದೆ. ಎಲ್ಲವೂ ಎಸ್ಸೆಸ್ಸೆಲ್ಸಿಯ ನಾಮಿನಲ್ ರೋಲ್, ಅಂದರೆ ಪರೀಕ್ಷೆ ಬರೆಯುವವರ ಹೆಸರಿನ ಪಟ್ಟಿ, ಶಾಲೆಯಿಂದ ಹೋಗುವ ಮುಂಚೆ ಮುಗಿಯಬೇಕು. ಎಂಟನೆಯ ತರಗತಿಗೆ ಸೇರಿಸುವಾಗಲೇ ಮೂರೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿದರೆ ಕೈಯಲ್ಲಿ ಸಾಕಷ್ಟು ಸಮಯ ಇರುತ್ತದೆ. ತಾಯಿಯ ಹೆಸರನ್ನೂ ಅದೇ ಹೊತ್ತಿಗೆ ಹೋಲಿಸಿ.