ಉತ್ತರ ಸರಿ, ಹಂತ ಸರಿಯೇ? ಭಾಷಾ ಮಾಡೆಲ್‌ಗಳು ಲೆಕ್ಕ ಕಲಿತ ಬಗೆ

ಒಬ್ಬ ಶುಕ್ರವಾರ 44 ಕಿವಿ ಹಣ್ಣು ಕಿತ್ತ, ಶನಿವಾರ 58. ಭಾನುವಾರ ಶುಕ್ರವಾರದ ಎರಡರಷ್ಟು ಕಿತ್ತ. ಆದರೆ ಅದರಲ್ಲಿ 5 ಹಣ್ಣು ಸ್ವಲ್ಪ ಚಿಕ್ಕವು. ಒಟ್ಟು ಎಷ್ಟು? 190, ಅಲ್ವಾ? ಚಿಕ್ಕದಾದರೂ ಹಣ್ಣು ಹಣ್ಣೇ. ಆಪಲ್ ಸಂಶೋಧಕರು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಚಾಟ್‌ಜಿಪಿಟಿಯಂಥ ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾಡೆಲ್‌ಗಳಲ್ಲಿ ಕೆಲವು ಆ 5ನ್ನು ಕಳೆದು 185 ಎಂದವು.

ಕಂಪ್ಯೂಟರ್ 1956ರಲ್ಲೇ ತರ್ಕದ ಪ್ರಮೇಯಗಳನ್ನು ಸಾಧಿಸಿತ್ತು. ಆದರೆ ಅದು ನಿಯಮ ಹಿಡಿದು ನಡೆಯುವ ಪ್ರೋಗ್ರಾಂ. ಭಾಷಾ ಮಾಡೆಲ್ ಮುಂದಿನ ಪದವನ್ನು ಊಹಿಸುತ್ತಾ ಹೋಗುತ್ತದೆ. ತೊಡಕು ಇಲ್ಲಿಂದಲೇ ಶುರು.

2021ರಲ್ಲಿ 'ಮ್ಯಾತ್' ಎಂಬ 12,500 ಸ್ಪರ್ಧಾ ಲೆಕ್ಕಗಳ ಪರೀಕ್ಷೆ ಬಂತು. ಆಗಿನ ಮಾಡೆಲ್‌ಗಳಿಗೆ ನೂರಕ್ಕೆ ಏಳು ಅಂಕವೂ ಸಿಗಲಿಲ್ಲ. ಅದೇ ವರ್ಷ, ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಸುಮಾರು 8,500 ಶಾಲಾ ಲೆಕ್ಕಗಳ ಜಿಎಸ್‌ಎಂ8ಕೆ ಎಂಬ ಪರೀಕ್ಷೆ ತಂದಿತು. 2022ರ ಜನವರಿಯಲ್ಲಿ ಗೂಗಲ್ ಸಂಶೋಧಕರು ಒಂದು ಸರಳ ಉಪಾಯ ತೋರಿಸಿದರು. ಪ್ರಶ್ನೆಗೆ ಮುಂಚೆ ಕೆಲವು ಮಾದರಿ ಲೆಕ್ಕಗಳನ್ನು ಹಂತ ಸಮೇತ ಕೊಟ್ಟರು, ಅಷ್ಟೇ. ಜಿಎಸ್‌ಎಂ8ಕೆಯಲ್ಲಿ ಗೂಗಲ್‌ನದೇ ಪಾಮ್ ಮಾಡೆಲ್‌ನ ಅಂಕ ನೂರಕ್ಕೆ ಸುಮಾರು 18ರಿಂದ 57ಕ್ಕೆ ಏರಿತು. ಮರುತರಬೇತಿ ಇಲ್ಲ, ಮಾಡೆಲ್ ಅದೇ. ಬಾಯಿಲೆಕ್ಕದಲ್ಲಿ ತಪ್ಪುವ ಮಗು ಸ್ಲೇಟು ಹಿಡಿದಾಗ ಸರಿ ಮಾಡುವಂತೆ, ಬರೆದ ಪ್ರತಿ ಸಾಲೂ ಮುಂದಿನ ಸಾಲಿಗೆ ಆಸರೆಯಾಯಿತು.

ಆದರೆ ಹಂತ ಬರೆದ ಮಾತ್ರಕ್ಕೆ ಹಂತ ಸರಿ ಅಂತಲ್ಲ. ನಡುವೆ ತಪ್ಪಿದರೂ ಕೊನೆಗೆ ಸರಿಯುತ್ತರ ಬಂದುಬಿಡಬಹುದು. 2023ರಲ್ಲಿ ಓಪನ್‌ಎಐ ಮಾಡೆಲ್ ಬರೆದ ಸುಮಾರು 8 ಲಕ್ಷ ಹಂತಗಳನ್ನು ಜನರಿಂದಲೇ ಒಂದೊಂದಾಗಿ ತಿದ್ದಿಸಿತು. ಬರೀ ಉತ್ತರ ನೋಡಿ ಕಲಿತ ಪರೀಕ್ಷಕ ಮಾಡೆಲ್‌ಗಿಂತ (ಅಂದರೆ ಪರಿಹಾರಗಳನ್ನು ತೂಗಿ ನೋಡುವ ಮಾಡೆಲ್‌ಗಿಂತ), ಹೀಗೆ ಹಂತ ನೋಡಿ ಕಲಿತದ್ದೇ ಒಳ್ಳೆಯ ಪರಿಹಾರಗಳನ್ನು ಆರಿಸಿತು. ನನ್ನ ಕಣ್ಣಿಗೆ ಈ ಇಡೀ ಕಥೆಯ ಗಟ್ಟಿ ಪಾಠ ಇದೇ.

ಆದರೆ ಈ ಹಂತ ತಿದ್ದಿಸುವ ದಾರಿ ಹೆಚ್ಚು ದಿನ ಮುಂಚೂಣಿಯಲ್ಲಿ ಉಳಿಯಲಿಲ್ಲ. ಜನರಿಂದ ತಿದ್ದಿಸಲು ಖರ್ಚು ಜಾಸ್ತಿ. ಉತ್ತರವನ್ನಾದರೆ ಯಂತ್ರವೇ ತಾಳೆ ನೋಡುತ್ತದೆ. 2025ರ ಜನವರಿಯಲ್ಲಿ ಬಂದ, ಚೀನಾದ ಡೀಪ್‌ಸೀಕ್ ಕಂಪನಿಯ ಆರ್1-ಝೀರೋ ಮಾಡೆಲ್ ಕಲಿತದ್ದು ಹಾಗೆಯೇ. ಉತ್ತರ ಮತ್ತು ಬರವಣಿಗೆಯ ಅಚ್ಚು ಸರಿಯಿದ್ದರೆ ಬಹುಮಾನ, ಹಂತಗಳಿಗೆ ಅಂಕವಿಲ್ಲ. ಅಮೆರಿಕದ ಪ್ರೌಢಶಾಲಾ ಮಕ್ಕಳ ಎಐಎಂಇ ಗಣಿತ ಪರೀಕ್ಷೆಯಲ್ಲಿ ಅದು ನೂರಕ್ಕೆ 15.6ರಿಂದ 71ಕ್ಕೆ ಜಿಗಿಯಿತು. ಹಿಂದೆ ತಿರುಗಿ ತನ್ನ ತಪ್ಪನ್ನು ತಾನೇ ನೋಡುವುದನ್ನೂ ಕಲಿಯಿತು. ದೊಡ್ಡ ಸಾಧನೆಯೇ. ಆದರೂ ನಡುವಿನ ಸಾಲುಗಳನ್ನು ಓದುವವರು ಯಾರು?

2025ರ ಜುಲೈನಲ್ಲಿ ಗೂಗಲ್ ಡೀಪ್‌ಮೈಂಡ್ ಮತ್ತು ಓಪನ್‌ಎಐ ಮಾಡೆಲ್‌ಗಳು ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಪ್ರಶ್ನೆಗಳಲ್ಲಿ 42ಕ್ಕೆ 35 ಅಂಕ ಪಡೆದು ಚಿನ್ನದ ಮಟ್ಟ ಮುಟ್ಟಿದವು. ಅಲ್ಲಿ ಬರೀ ಉತ್ತರ ಸಾಲದು, ಅದು ಏಕೆ ಸರಿ ಎಂಬ ಪೂರ್ತಿ ಸಾಧನೆ (ಪ್ರೂಫ್) ಬರೆಯಬೇಕು. ಅದನ್ನು ಗಣಿತ ಬಲ್ಲವರು ಕೂತು ಸಾಲು ಸಾಲಾಗಿ ಓದಿಯೇ ಅಂಕ ಕೊಟ್ಟರು. ಆರು ಪ್ರಶ್ನೆಗಳಲ್ಲಿ ಐದು ಬಗೆಹರಿದವು. ಆರನೆಯದು ಎರಡಕ್ಕೂ ಆಗಲಿಲ್ಲ.