ಮೂಳೆಯಲ್ಲಿ ಕೂತ ಸೀಸ, ಬಿಗಿಯುವ ರಕ್ತನಾಳ

‘ಮಕ್ಕಳಿಗೆಲ್ಲಿಯ ಬಿ.ಪಿ., ಮಕ್ಕಳಿಗೆಲ್ಲಿಯ ಹೃದ್ರೋಗ’ ಎನ್ನುವವರು ರಕ್ತನಾಳದ ಒಳಪದರವನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಒಂದೇ ಜೀವಕೋಶದಷ್ಟು ದಪ್ಪದ ಆ ಪದರ ಹುಟ್ಟುವ ಮೊದಲೇ ಕೆಲಸ ಶುರು ಮಾಡಿರುತ್ತದೆ. ಹಳೆಯ ಬಣ್ಣದ ದೂಳಿನಲ್ಲಿರುವ ಸೀಸ ಕೈಹಾಕುವುದು ಇದಕ್ಕೇ.

ಅಮೆರಿಕದ ಔಷಧವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ಪಟ್ಟಿಗಳಿಗೆ ಅಸಿಟೈಲ್‌ಕೋಲಿನ್ ಎಂಬ ನರಸಂದೇಶದ ರಾಸಾಯನಿಕ ಹಾಕಿದಾಗ ಒಳಪದರ ಉಳಿದಿದ್ದವು ಸಡಿಲಗೊಂಡವು, ಉಜ್ಜಿಹೋಗಿದ್ದವು ಸಡಿಲಗೊಳ್ಳಲಿಲ್ಲ. 1980ರಲ್ಲಿ ಇದು ಪ್ರಕಟವಾಯಿತು. ಒಳಪದರದಿಂದ ಹೊರಟು ‘ಸಡಿಲಾಗು’ ಎಂದು ಸ್ನಾಯುವಿಗೆ ಹೇಳುತ್ತಿದ್ದದ್ದು ನೈಟ್ರಿಕ್ ಆಕ್ಸೈಡ್ ಎಂಬ ಪುಟ್ಟ ಅನಿಲ! ಈ ಶೋಧಕ್ಕೆ 1998ರ ನೊಬೆಲ್ ಬಂತು. ಡೈನಮೈಟಿನ ನೈಟ್ರೋಗ್ಲಿಸರಿನ್ ಎದೆನೋವಿಗೆ ಮದ್ದಾಗುವುದೂ ಇದೇ ಅನಿಲದಿಂದ.

ಈ ಅನಿಲದ ಆಯಸ್ಸು ಕೆಲವೇ ಸೆಕೆಂಡು. ಸೀಸ ಜೀವಕೋಶಗಳಲ್ಲಿ ಸೂಪರಾಕ್ಸೈಡ್ ಎಂಬ, ಆಮ್ಲಜನಕದ ಚುರುಕು ರೂಪವನ್ನು ಹೆಚ್ಚಿಸುತ್ತದೆ, ಅದು ದಾರಿಯಲ್ಲೇ ಅನಿಲವನ್ನು ನುಂಗಿಬಿಡುತ್ತದೆ. ಓಲೆ ಹೊರಟಿದೆ, ಓಲೆಕಾರ ಮನೆ ಮುಟ್ಟಲಿಲ್ಲ. ಕಾಲುವೆಗೆ ನೀರು ಬಿಟ್ಟಿದೆ, ತೂಬಿನ ಬಳಿ ಬಿರುಕು. ನಾಳ ಬಿಗಿದೇ ಉಳಿಯುತ್ತದೆ. ಸಾಲದ್ದಕ್ಕೆ ಸೀಸಕ್ಕೂ ಕ್ಯಾಲ್ಸಿಯಂನಂತೆ ಎರಡು ಧನವಿದ್ಯುದಂಶ. ಕ್ಯಾಲ್ಸಿಯಂ ಕೂರಬೇಕಾದ ಪೀಠದಲ್ಲಿ ತಾನೇ ಕೂತು, ಸ್ನಾಯುವನ್ನು ಬಿಗಿಗೊಳಿಸುವ ಸಂಕೇತಗಳನ್ನೂ ಎಬ್ಬಿಸುತ್ತದೆ.

ದೊಡ್ಡವರಲ್ಲಿ ಸೀಸ ರಕ್ತದೊತ್ತಡ ಏರಿಸುವುದು ದೃಢಪಟ್ಟ ಸಂಗತಿ. ಹಾಗಾದರೆ ಬಾಲ್ಯದ ಚಿಂತೆ ಏಕೆ? ನುಂಗಿದ ಸೀಸದಲ್ಲಿ ವಯಸ್ಕರ ಕರುಳು ಸುಮಾರು ಶೇ. 10ರಷ್ಟನ್ನು ಹೀರಿದರೆ, ಎಳೆಯ ಮಕ್ಕಳ ಕರುಳು ಶೇ. 40–50ರಷ್ಟನ್ನು ಹೀರುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು ಒಂದು ತಿಂಗಳು, ಮೂಳೆಯಲ್ಲಿ ದಶಕಗಳು. ಬಸಿರಿನಲ್ಲಿ, ಮುಟ್ಟು ನಿಂತ ಮೇಲೆ, ಮೂಳೆ ಕರಗುವಾಗಲೆಲ್ಲ ಬಾಲ್ಯದ ಸೀಸ ಮತ್ತೆ ರಕ್ತಕ್ಕಿಳಿಯುತ್ತದೆ. ಮೈಯ ವಿಷ ತೆಗೆಯುತ್ತೇವೆನ್ನುವ ‘ಡಿಟಾಕ್ಸ್’ ಹನಿಗಳು ಅದನ್ನು ಕೀಳಲಾರವು. ಅಂಥ ಕೆಲವು ಮದ್ದುಗಳಲ್ಲೇ ಸೀಸ ಸಿಕ್ಕಿದೆ ಎಂಬುದು ನಿಜಕ್ಕೂ ಹೊಟ್ಟೆ ಉರಿಸುವ ಮಾತು.

ಹಳೆಯ ಕಿಟಕಿಯನ್ನು ಎತ್ತಿ ಇಳಿಸುವಾಗ ಅದರ ಕದ ಚೌಕಟ್ಟಿಗೆ ಉಜ್ಜಿ, ಕೆಳಗಿನ ತೋಡಿನಲ್ಲಿ ಹಿಟ್ಟಿನಂಥ ಪುಡಿ ನಿಲ್ಲುತ್ತದೆ. ಅಂಬೆಗಾಲಿಡುವ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ ಹೋಗುವುದು ಅದೇ. ಒಣ ಪೊರಕೆ ಅದನ್ನು ಹಾರಿಸುತ್ತದೆ. ಒದ್ದೆ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಬಟ್ಟೆ ಬದಲಿಸಿ, ಇನ್ನೊಮ್ಮೆ ಒರೆಸಬೇಕು. ಒಣಗಿದ ಬಣ್ಣವನ್ನು ಮರಳುಕಾಗದದಿಂದ ಉಜ್ಜಬಾರದು, ಬೆಂಕಿಯಿಂದ ಸುಡಲೂಬಾರದು. ಸೀಸದ ಕೊಳವೆಯಿದ್ದರೆ ಅಡುಗೆಗೆ ತಣ್ಣೀರಿನ ನಲ್ಲಿಯೇ ಇರಲಿ, ಬಿಸಿನೀರು ಸೀಸವನ್ನು ಹೆಚ್ಚು ಕರಗಿಸುತ್ತದೆ. ಕುದಿಸಿದರೆ ನೀರು ಆವಿಯಾಗುತ್ತದೆ, ಸೀಸ ಉಳಿಯುತ್ತದೆ. ಕಬ್ಬಿಣ ಸಾಗಿಸುವ ಪ್ರೋಟೀನೇ ಸೀಸವನ್ನೂ ಒಳಕ್ಕೆ ಒಯ್ಯುವುದರಿಂದ ಮಗುವಿಗೆ ಕಬ್ಬಿಣದ ಕೊರತೆ ಇರಕೂಡದು.

ರಕ್ತಪರೀಕ್ಷೆಯಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸದ ಮೂಲ ಹುಡುಕಿ ತೆಗೆಯಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆರಳು ಚುಚ್ಚಿ ತೆಗೆದ ಮಾದರಿಯಲ್ಲಿ ಚರ್ಮದ ಮೇಲಿನ ದೂಳೂ ಸೇರಿ ಅಂಕಿ ಏರಬಹುದು, ಹಾಗಾಗಿ ಹೆಚ್ಚು ಬಂದರೆ ರಕ್ತನಾಳದಿಂದ ಮತ್ತೊಮ್ಮೆ ತೆಗೆಸಿ ಖಚಿತ ಮಾಡಿಕೊಳ್ಳಬೇಕು.