ಥುಸಿಡೈಡಿಸ್‌ನನ್ನು ಐದನೇ ಭಾಗದಿಂದ ಓದಿ

ಅಥೆನ್ಸ್ ಮತ್ತು ಸ್ಪಾರ್ಟಾ ನಡುವಿನ ಪೆಲೊಪೊನೀಸಿಯನ್ ಯುದ್ಧದ ಬಗ್ಗೆ ಗ್ರೀಕ್ ಇತಿಹಾಸಕಾರ ಥುಸಿಡೈಡಿಸ್ ಬರೆದ ಇತಿಹಾಸವನ್ನು ಪಾಠ ಮಾಡುವಾಗ ನಾನು ಮೊದಲ ಪುಟದಿಂದ ಶುರು ಮಾಡುವುದಿಲ್ಲ. ನೇರವಾಗಿ ಐದನೇ ಭಾಗದ 26ನೇ ಅಧ್ಯಾಯಕ್ಕೆ ಹೋಗುತ್ತೇನೆ. ಅಲ್ಲಿ ಥುಸಿಡೈಡಿಸ್ ತನ್ನ ಹೆಸರು ಹೇಳಿ, ಮತ್ತೊಮ್ಮೆ ಮುನ್ನುಡಿ ಬರೆಯುತ್ತಾನೆ. ಮಧ್ಯದಲ್ಲಿ ಇನ್ನೊಂದು ಮುನ್ನುಡಿ ಯಾಕೆ ಬೇಕಾಯಿತು?

ಕ್ರಿ.ಪೂ. 431ರಲ್ಲಿ ಯುದ್ಧ ಶುರುವಾದಾಗಲೇ ಅವನು ಬರೆಯಲು ಕೂತ. 421ರಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾ ಒಪ್ಪಂದ ಮಾಡಿಕೊಂಡವು. ಹತ್ತು ವರ್ಷದ ಯುದ್ಧ ಮುಗಿಯಿತು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಮತ್ತೆ ಹೊತ್ತಿಕೊಂಡಿತು. 404ರಲ್ಲಿ ಅಥೆನ್ಸ್ ಸೋತ ಮೇಲೇ ತಣ್ಣಗಾಯಿತು. ಎರಡನೇ ಮುನ್ನುಡಿಯಲ್ಲಿ ಅವನು ಪಟ್ಟು ಹಿಡಿದು ಹೇಳುವುದು ಇಷ್ಟೇ: ಇವು ಬೇರೆ ಬೇರೆ ಯುದ್ಧಗಳಲ್ಲ, 27 ವರ್ಷದ ಒಂದೇ ಯುದ್ಧ. ಸೇನಾಪತಿಯಾಗಿದ್ದಾಗ ಆಂಫಿಪೊಲಿಸ್ ನಗರ ಕೈತಪ್ಪಿದ ಮೇಲೆ 20 ವರ್ಷ ಗಡಿಪಾರಾಗಿ ಊರಿಂದ ಹೊರಗಿದ್ದೆ, ಹಾಗಾಗಿ ಎರಡೂ ಕಡೆಯದನ್ನು ತಿಳಿಯಲು ಆಯಿತು ಅಂತಲೂ ಅಲ್ಲೇ ಬರೆಯುತ್ತಾನೆ.

ಇದನ್ನು ಓದಿಕೊಂಡು ಹಿಂದಕ್ಕೆ ಹೋಗಿ. ಎರಡನೇ ಭಾಗದಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸ್ ಸಾಯುವುದು 429ರಲ್ಲಿ. ಅಲ್ಲೇ ಮುಂದೆ ಸಿಸಿಲಿ ದ್ವೀಪದಲ್ಲಿ ಅಥೆನ್ಸ್ ಕಂಡ ಸೋಲು, ಅಥೆನ್ಸಿನ ಕೊನೆ ಎಲ್ಲವೂ ಬಂದುಬಿಡುತ್ತವೆ. ಅಂದರೆ ಆ ಸಾಲುಗಳನ್ನು 404ರ ನಂತರವೇ ಬರೆದಿರಬೇಕು. ಹಳೆಯ ಪುಟಗಳಿಗೆ ಅವನು ಮತ್ತೆ ಕೈಹಾಕಿದ್ದಾನೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಪ್ರಶ್ನೆಯನ್ನು ಜರ್ಮನಿಯ ವಿದ್ವಾಂಸ ಉಲ್‌ರಿಚ್ 1846ರಲ್ಲಿ ಎತ್ತಿದರು. ಇನ್ನೂ ಚರ್ಚೆ ನಿಂತಿಲ್ಲ.

ಎಂಟು ಭಾಗಗಳ ವಿಂಗಡಣೆ ಅವನದಲ್ಲ, ನಂತರದವರದು. ಹಿಂದೆ ಕೆಲವರು ಒಂಬತ್ತಾಗಿಯೂ ವಿಂಗಡಿಸಿದ್ದರು. ಅವನ ಸ್ವಂತ ಅಳತೆ ಬೇಸಿಗೆ ಮತ್ತು ಚಳಿಗಾಲ. ಒಂದೊಂದು ನಗರ ಒಂದೊಂದು ಥರ ವರ್ಷ ಲೆಕ್ಕ ಹಾಕುತ್ತಿತ್ತು, ಅಧಿಕಾರಿಗಳ ಹೆಸರಿನಿಂದ ವರ್ಷ ಗುರುತಿಸುತ್ತಿತ್ತು. ಋತುಗಳು ಮಾತ್ರ ಎಲ್ಲರಿಗೂ ಒಂದೇ.

ಸಿಸಿಲಿ ದಂಡಯಾತ್ರೆ ಹೇಳುವ ಆರು, ಏಳನೇ ಭಾಗಗಳು ಚೆನ್ನಾಗಿ ತಿದ್ದಿ ತೀಡಿದವು. ಎಂಟನೆಯದು ಹಾಗಲ್ಲ. ದೊಡ್ಡ ಭಾಷಣಗಳೇ ಇಲ್ಲ. ಸ್ಪಾರ್ಟಾ ಮತ್ತು ಪರ್ಷಿಯಾದ ಒಪ್ಪಂದದ ಮೂರು ಆವೃತ್ತಿಗಳನ್ನು ಒಂದಾದ ಮೇಲೊಂದು ಹಾಗೆಯೇ ಕೊಡುತ್ತಾನೆ. ಇದನ್ನು ಸುಮ್ನೆ ಕರಡು ಅಂತ ಬದಿಗಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವನು ಕೆಲಸ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದ ಹಾಗೆ ಅನಿಸುವುದು ಇಲ್ಲೇ ಜಾಸ್ತಿ.

411ರಲ್ಲಿ ಪರ್ಷಿಯಾದ ಅಧಿಕಾರಿ ಟಿಸ್ಸಾಫರ್ನೀಸ್ ಎಫಿಸಸ್‌ಗೆ ಬಂದು ಆರ್ಟೆಮಿಸ್ ದೇವಿಗೆ ಬಲಿ ಕೊಡುತ್ತಾನೆ. ಬರಹ ಅಲ್ಲಿಗೆ ನಿಂತುಹೋಗುತ್ತದೆ. ಉಳಿದ ಏಳು ವರ್ಷದ ಕತೆಯನ್ನು ಇನ್ನೊಬ್ಬ ಗ್ರೀಕ್ ಬರಹಗಾರ ಕ್ಸೆನೊಫನ್ ಎತ್ತಿಕೊಂಡ.